ಬಣ್ಣದ ಪೆಟ್ಟಿಗೆಯ ಅರ್ಥಶಾಸ್ತ್ರ

ಕಳೆದ ಬೇಸಿಗೆ ರಜೆಯಲ್ಲಿ ದುಂಡಸಿಯ ನಮ್ಮ ಮನೆಯ ಪಡಸಾಲೆ ಒಂದು ತಿಂಗಳ ಕಾಲ ಪ್ರಯೋಗಶಾಲೆಯಾಗಿತ್ತು. ಐದನೆಯ ತರಗತಿಯ ಮೊಮ್ಮಗಳು ಹನ್ನೆರಡು ಮೇಣದ ಕಡ್ಡಿಗಳ ಪೆಟ್ಟಿಗೆಯೊಂದನ್ನು ಊರಿನ ಅಂಗಡಿಯಿಂದ ಕೊಂಡು ತಂದಿದ್ದಳು. ಹೊಲದಾಚೆಯ ಕಾಡನ್ನು ಬರೆಯಲು ಕುಳಿತವಳು ಅರ್ಧ ಗಂಟೆಯಲ್ಲಿ ಕಡ್ಡಿಯನ್ನು ಬದಿಗಿಟ್ಟು, ‘ಅಜ್ಜಾ, ಬಣ್ಣ ಹತ್ತವಲ್ದು. ನನಗ ಚಿತ್ರ ಬರೂದಿಲ್ಲ’ ಎಂದಳು. ಬಣ್ಣ ಹತ್ತದಿರುವುದು ಕಡ್ಡಿಯ ದೋಷ. ಅದರಿಂದ ತನಗೇ ಚಿತ್ರ ಬಾರದೆಂಬ ತೀರ್ಮಾನಕ್ಕೆ ಮಗು ಅಷ್ಟು ಬೇಗ ತಲುಪಿದ್ದು ನನ್ನನ್ನು ಕಳವಳಕ್ಕೆ ಈಡುಮಾಡಿತು.

ಕಳವಳಕ್ಕೆ ಇನ್ನೊಂದು ಕಾರಣವೂ ಇತ್ತು. ಸೇವೆಯಲ್ಲಿದ್ದಾಗ, ಶಾಲೆಗಳಿಗೆ ಚಿತ್ರಕಲಾ ಸಾಮಗ್ರಿ ಪೂರೈಸುವ ಕಡತವೊಂದು ನನ್ನ ಮೇಜಿಗೂ ಬಂದಿತ್ತು. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಗಾಗಿ 1999ರಲ್ಲಿ ಬಂದ ಕಾಯ್ದೆಗೆ ಅನುಗುಣವಾಗಿ ಟೆಂಡರು, ದರಪಟ್ಟಿ, ತುಲನಾ ಪಟ್ಟಿ ಎಲ್ಲವೂ ಕ್ರಮಬದ್ಧವಾಗಿದ್ದವು. ಕನಿಷ್ಠ ದರಕ್ಕೆ ಸಹಿ ಹಾಕಿದೆ. ಆ ಕಡ್ಡಿಯನ್ನು ಒಮ್ಮೆಯಾದರೂ ಕಾಗದದ ಮೇಲೆ ಎಳೆದು ನೋಡಬೇಕೆಂದು ನನಗಾಗಲಿ, ಸಮಿತಿಯ ಇತರ ಸದಸ್ಯರಿಗಾಗಲಿ ಹೊಳೆಯಲಿಲ್ಲ. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಯೂ ಬರಲಿಲ್ಲ.

ಮರುದಿನ ಹುಬ್ಬಳ್ಳಿಗೆ ಹೋಗಿ ಬಂದೆ. ಎರಡು ಬಗೆಯ ಪೆನ್ಸಿಲ್, ಇದ್ದಿಲು ಕಡ್ಡಿ, ಆಯಿಲ್ ಪ್ಯಾಸ್ಟೆಲ್, ಜಲವರ್ಣದ ಬಿಲ್ಲೆಗಳು, ಮೂರು ಕುಂಚ ತಂದೆ. ಜೊತೆಗೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದದ ಒಂದೇ ಹಾಳೆ. ಅದನ್ನು ಹದಿನಾರು ತುಂಡು ಮಾಡಿಕೊಂಡೆವು. ಅದೇ ಜಲವರ್ಣ ನೋಟುಪುಸ್ತಕದ ಹಾಳೆಯ ಮೇಲೆ ಹರಡಿ, ಹಾಳೆ ಸುರುಳಿಕೊಂಡು, ಮತ್ತೊಮ್ಮೆ ಕುಂಚ ಆಡಿಸಿದಾಗ ಹರಿದೇಹೋಯಿತು. ದಪ್ಪ ಕಾಗದದ ಮೇಲೆ ನಿಂತಿತು. ಅರವತ್ತು ದಾಟಿದ ನನಗೂ ಇದು ಹೊಸ ತಿಳಿವಳಿಕೆ. ನಮ್ಮ ಬಾಲ್ಯದಲ್ಲಿ ಮಾಸ್ತರರು ಬೈಯುತ್ತಿದ್ದುದು ನಮ್ಮನ್ನೇ ಹೊರತು ಕಾಗದವನ್ನಲ್ಲ! ಇಂತಹ ಉತ್ತಮ ಕಾಗದ ತಯಾರಾಗುವುದು ಹತ್ತಿಯಿಂದ. ಹತ್ತಿ ಬೆಳೆಯುವ ಹಾವೇರಿ ಜಿಲ್ಲೆಯ ಮಗು ಆ ಕಾಗದವನ್ನು ಮುಟ್ಟಿಯೇ ಇರುವುದಿಲ್ಲ.

ಬಳಿಕ ಅಡುಗೆಮನೆ, ಹಿತ್ತಿಲುಗಳತ್ತ ನಮ್ಮ ಗಮನ ಹರಿಯಿತು. ಗೋಡೆಗೆ ಬಳಿಯುವ ಹುರಮಂಜನ್ನು ಅರೆದು, ಜಾಲಿಮರದ ಅಂಟು ನೆನೆಸಿದ ನೀರಿನಲ್ಲಿ ಕಲಸಿದಾಗ ಒಳ್ಳೆಯ ಕೆಂಪು ಸಿಕ್ಕಿತು. ಅದು ಕಬ್ಬಿಣದ ಆಕ್ಸೈಡು. ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಚೀನರು ಬರೆದ ಚಿತ್ರಗಳು ಅಂತಹ ಕೆಂಪಿನಲ್ಲಿಯೇ ಉಳಿದಿವೆ. ಅರಿಶಿನದ ಪಟ್ಟಿಯೊಂದನ್ನು ಅರ್ಧ ಮುಚ್ಚಿ ಕಿಟಕಿಯಲ್ಲಿ ಇಟ್ಟೆವು. ಮೂರು ವಾರಗಳಲ್ಲಿ ಬಿಸಿಲು ಬಿದ್ದ ಅರ್ಧ ಬಹುತೇಕ ಮಾಸಿತ್ತು. ಬ್ಯಾಡಗಿ ಮೆಣಸಿನಕಾಯಿಯ ಪುಡಿ ನಮ್ಮನ್ನು ಸೋಲಿಸಿತು. ಎಷ್ಟು ಕದಡಿದರೂ ನೀರು ಕೆಂಪಾಗಲಿಲ್ಲ. ಚಮಚ ಎಣ್ಣೆಗೆ ಹಾಕಿದೊಡನೆ ಬಣ್ಣ ಬಿಟ್ಟಿತು. ಆ ವರ್ಣದ್ರವ್ಯ ಕರಗುವುದು ಎಣ್ಣೆಯಲ್ಲಿ. ಅದನ್ನು ಓಲಿಯೋರೆಸಿನ್ ರೂಪದಲ್ಲಿ ಬೇರ್ಪಡಿಸುವ ಉದ್ಯಮವೇ ಇದೆ. ಜಗತ್ತಿಗೆ ಬಣ್ಣ ಕಳುಹಿಸುವ ಜಿಲ್ಲೆ ನಮ್ಮದು ಎಂದಾಗ ಅವಳು ನಂಬಲಿಲ್ಲ.

ಇದರಲ್ಲಿ ನಮ್ಮ ಆವಿಷ್ಕಾರ ಏನೂ ಇಲ್ಲ. ಹಾನಗಲ್ಲು, ಹಿರೇಕೆರೂರುಗಳ ಆಚೆಗಿನ ಮಲೆನಾಡಿನಲ್ಲಿ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿಹಿಟ್ಟು, ಕರಿದಾಗಿ ಹುರಿದ ಅಕ್ಕಿ, ಗುರಿಗೆ ಕಾಯಿ ಬಳಸುತ್ತಾರೆ, ಕುಂಚ ಪುಂಡಿನಾರಿನದು. ಮೈಸೂರು ಸಾಂಪ್ರದಾಯಿಕ ಚಿತ್ರಕಾರರು ಹುಣಸೆ ಕಡ್ಡಿಯನ್ನು ಸುಟ್ಟು ರೇಖೆಯ ಇದ್ದಿಲು ಮಾಡಿಕೊಳ್ಳುತ್ತಿದ್ದರು. ನಮ್ಮದೇ ತಾಲ್ಲೂಕಿನ ಗೊಟಗೋಡಿಯಲ್ಲಿ ಉತ್ಸವ್ ರಾಕ್ ಗಾರ್ಡನ್ ರೂಪಿಸಿದ ದಿವಂಗತ ಟಿ.ಬಿ. ಸೊಲಬಕ್ಕನವರ ಅವರು ಕುಂಚದಿಂದ ಸಿಮೆಂಟಿನವರೆಗೆ ಸಾಗಿದವರು. ಯಾವ ಸಾಮಗ್ರಿ ತನ್ನ ಕೈಗೆ ಒಗ್ಗುತ್ತದೆ ಎಂಬುದು ಬಳಸಿ ನೋಡದೆ ಯಾರಿಗೂ ತಿಳಿಯುವುದಿಲ್ಲ.

ಇಲ್ಲಿಯೇ ಅರ್ಥಶಾಸ್ತ್ರದ ಪ್ರಶ್ನೆ ಏಳುತ್ತದೆ. ನಗರದ ಅನುಕೂಲಸ್ಥ ಮಗು ನಾಲ್ಕು ಬಗೆಯ ಬಣ್ಣ ಕೊಂಡು, ಮೂರನ್ನು ಬಿಟ್ಟು, ಒಂದರಲ್ಲಿ ನೆಲೆ ನಿಲ್ಲಬಹುದು. ಕೂಲಿಕಾರರ ಮಗುವಿಗೆ ಮೊದಲ ಖರೀದಿಯೇ ಕೊನೆಯದು. ಅದು ಕೈಕೊಟ್ಟರೆ ಚಿತ್ರಕಲೆಯೇ ಮುಗಿಯಿತು. 2025ರ ಸೆಪ್ಟೆಂಬರ್ 22ರಿಂದ ಪೆನ್ಸಿಲ್, ಕ್ರೇಯಾನ್, ಪ್ಯಾಸ್ಟೆಲ್, ಇದ್ದಿಲು ಕಡ್ಡಿಗಳ ಮೇಲಿನ ಶೇ 12ರ ಜಿಎಸ್‌ಟಿ ರದ್ದಾಗಿದೆ. ಬಣ್ಣದ ಪೆಟ್ಟಿಗೆಯ ಮೇಲಿನದು ಶೇ 5ಕ್ಕೆ ಇಳಿದಿದೆ. ಸ್ವಾಗತಾರ್ಹ ಕ್ರಮ. ಆದರೆ ತೆರಿಗೆ ಇಳಿದ ಮಾತ್ರಕ್ಕೆ, ಪರೀಕ್ಷಿಸಿ ನೋಡುವ ಅವಕಾಶವಿಲ್ಲದ ಮಗುವಿನ ಕಷ್ಟ ನೀಗುವುದಿಲ್ಲ. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ಕಲಾ ಶಿಕ್ಷಣದ ಅರೆಕಾಲಿಕ ಬೋಧಕರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಚಿಕ್ಕ ಶಾಲೆಗಳ ಮಕ್ಕಳಿಗೆ ಆ ಆಸರೆಯೂ ಇಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 1965ರ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರ ಗ್ರಂಥಾಲಯ ಕರ ನಾವು ಕಟ್ಟುತ್ತೇವೆ. ಪುಸ್ತಕವನ್ನು ಓದಿ ಹಿಂದಿರುಗಿಸುವಂತೆ, ಅಲ್ಲಿ ಒಂದು ಕಪಾಟು ಬಣ್ಣಗಳಿಗೂ ಇರಲಿ ಎಂಬುದು ನನ್ನ ಸಲಹೆ. ಮಗು ಅಲ್ಲಿಯೇ ಕುಳಿತು ಬಳಸಿ ನೋಡಲಿ. ಬಣ್ಣ ಖರ್ಚಾಗುತ್ತದೆ, ಪುಸ್ತಕ ಖರ್ಚಾಗುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ನಾನೇ ಅಧಿಕಾರದಲ್ಲಿದ್ದಿದ್ದರೆ ಅದನ್ನೇ ಬರೆಯುತ್ತಿದ್ದೆ. ಆದರೆ ದಿನಪತ್ರಿಕೆಯೂ ಸಂಜೆಗೆ ರದ್ದಿಯಾಗುತ್ತದೆ; ಅದಕ್ಕೆ ಗ್ರಂಥಾಲಯದಲ್ಲಿ ಬಾಬತ್ತು ಇದೆ. ಖರೀದಿಗೆ ಮುನ್ನ ಮಾದರಿಯನ್ನು ಹತ್ತು ಮಕ್ಕಳ ಕೈಗೆ ಕೊಟ್ಟು, ಅವರು ಒಪ್ಪಿದ್ದನ್ನಷ್ಟೇ ದರ ಹೋಲಿಕೆಗೆ ಒಳಪಡಿಸಬೇಕೆಂಬ ಷರತ್ತನ್ನು ಟೆಂಡರಿನಲ್ಲಿ ಸೇರಿಸುವುದೂ ಕಷ್ಟವಲ್ಲ.

ಮೊಮ್ಮಗಳ ಕೈಗೆ ಕೊನೆಗೆ ಒಗ್ಗಿದ್ದು, ಹುಣಸೆ ಕಡ್ಡಿಗಳನ್ನು ತಗಡಿನ ಡಬ್ಬಿಯಲ್ಲಿ ಮುಚ್ಚಿ ಬಚ್ಚಲ ಒಲೆಯಲ್ಲಿ ಸುಟ್ಟ ಇದ್ದಿಲು. ಕಾಡು ಕಪ್ಪಾಗಿಯೇ ಚೆನ್ನಾಗಿ ಮೂಡಿತು. ಉಳಿದ ಬಣ್ಣಗಳನ್ನೂ ಒಂದು ಮುಷ್ಟಿ ಇದ್ದಿಲನ್ನೂ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಕಟ್ಟಿಟ್ಟಿದ್ದೇನೆ. ನಮ್ಮೂರ ಗ್ರಂಥಾಲಯದ ಕಪಾಟಿಗೆ ಅದು ಮೊದಲ ಕೊಡುಗೆ.