ಹಕ್ಕಿಯ ಅಳತೆಗೆ ಪಂಜರ

ಪಂಜರವೆಂದೊಡನೆ ಹಳೆಯ ಮನೆಗಳ ಪಡಸಾಲೆಯಲ್ಲಿ ತೂಗುತ್ತಿದ್ದ ಗಿಳಿಯ ದುಂಡು ಪಂಜರ ಕಣ್ಮುಂದೆ ನಿಲ್ಲುತ್ತದೆ. ಆ ಕಾಲ ಸಂದುಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದೂ ಸಾಕುವುದೂ ಇಂದು ಅಪರಾಧ. ಮಾವಿನ ತೋಪಿನ ಗಿಳಿ ತೋಪಿನಲ್ಲಿಯೇ ಇರಲಿ.

ಈಗ ಮಕ್ಕಳ ಆಸೆಗೆಂದು ಮನೆಗೆ ಬರುವುದು ಬಹುತೇಕ ಬಡ್ಜರಿಗರ್ ಎಂಬ ಪುಟ್ಟ ಬಣ್ಣದ ಹಕ್ಕಿ. ಅಂಗಡಿಯವರು ಇದನ್ನೇ 'ಲವ್ ಬರ್ಡ್ಸ್' ಎನ್ನುವುದುಂಟು. ಇದರ ಮೂಲ ಆಸ್ಟ್ರೇಲಿಯಾದ ಒಣ ಬಯಲು. 1840ರಲ್ಲಿ ಪಕ್ಷಿಶಾಸ್ತ್ರಜ್ಞ ಜಾನ್ ಗೂಲ್ಡ್ ಅದನ್ನು ಇಂಗ್ಲೆಂಡಿಗೆ ಒಯ್ದರು. ಅಂದಿನಿಂದ ತಲೆತಲಾಂತರವಾಗಿ ಮನುಷ್ಯರ ಆಶ್ರಯದಲ್ಲಿ ಬೆಳೆದ ಈ ಹಕ್ಕಿಯನ್ನು ಇಲ್ಲಿ ಹಾರಬಿಟ್ಟರೆ ಅದು ಕಾಗೆ, ಬೆಕ್ಕುಗಳ ಪಾಲಾಗುವುದೇ ಹೆಚ್ಚು. ಬಿಡುಗಡೆ ನೀಡಲಾಗದ ಜೀವಿಗೆ ನೆಮ್ಮದಿಯ ನೆಲೆಯನ್ನಾದರೂ ನೀಡುವುದು ತಂದವರ ಋಣ.

ನಾವು ಹಲವು ಮನೆಗಳಲ್ಲಿ ಕಂಡಿರುವಂತೆ, ಪಂಜರವನ್ನು ಕೊಳ್ಳುವಾಗ ಗೋಡೆಯ ಅಂದವನ್ನು ನೋಡುತ್ತಾರೆಯೇ ಹೊರತು ರೆಕ್ಕೆಯ ಅಳತೆಯನ್ನಲ್ಲ. ಬಿಚ್ಚಿದ ರೆಕ್ಕೆಗಳ ಅಗಲವೇ ಸುಮಾರು 30 ಸೆಂಟಿಮೀಟರ್. ಹಕ್ಕಿ ಅಡ್ಡಡ್ಡಲಾಗಿ ಹಾರುವುದರಿಂದ ಗೋಪುರದಂಥ ಎತ್ತರಕ್ಕಿಂತ ಉದ್ದವೇ ಮುಖ್ಯ. ಒಂದು ಜೋಡಿಗೆ 90 ಸೆಂಟಿಮೀಟರ್ ಉದ್ದ, 45 ಅಗಲ, 60 ಎತ್ತರದ ಆಯತಾಕಾರದ ಪಂಜರವಿದ್ದರೆ ಒಳಿತು. ಕಂಬಿಗಳ ನಡುವಿನ ಅಂತರ 12 ಮಿಲಿಮೀಟರ್ ಮೀರಬಾರದು. ಮೀರಿದರೆ ತಲೆ ಸಿಕ್ಕಿಕೊಳ್ಳುವ ಭಯವಿದೆ. ಅಗ್ಗದ ಸತು ಲೇಪಿತ ತಂತಿಯನ್ನು ಹಕ್ಕಿ ಕಡಿದರೆ ವಿಷವೇರಬಹುದು.

ಒಳಗಿನ ನುಣುಪು ಪ್ಲಾಸ್ಟಿಕ್ ಕೋಲುಗಳನ್ನು ತೆಗೆದು ಪೇರಲೆ ಅಥವಾ ಬೇವಿನ ಕೊಂಬೆಗಳನ್ನು ತೊಳೆದು ಒಣಗಿಸಿ ಕಟ್ಟಿರಿ. ದಪ್ಪ ಸಣ್ಣ ಕೊಂಬೆಗಳ ಮೇಲೆ ಕುಳಿತಾಗ ಪಾದಗಳಿಗೆ ವ್ಯಾಯಾಮ ದೊರೆತು ಹುಣ್ಣಾಗುವುದು ತಪ್ಪುತ್ತದೆ. ಕಾಳು ನೀರಿನ ಬಟ್ಟಲುಗಳು ಕೊಂಬೆಯ ನೇರ ಕೆಳಗಿರದಿರಲಿ, ಹಿಕ್ಕೆ ಬೀಳುತ್ತದೆ. ನವಣೆ, ಸಜ್ಜೆಗಳ ಜೊತೆಗೆ ಕೊತ್ತಂಬರಿ ಸೊಪ್ಪು, ಗಜ್ಜರಿ ಇರಲಿ. ಗ್ರಂಧಿಗೆ ಅಂಗಡಿಯ ಸಮುದ್ರಫೇನವನ್ನು ಕಂಬಿಗೆ ಸಿಕ್ಕಿಸಿದರೆ ಸುಣ್ಣದ ಅಂಶ ದೊರೆಯುತ್ತದೆ. ಬೆಣ್ಣೆಹಣ್ಣು, ಚಾಕೊಲೇಟ್ ಮಾತ್ರ ಸರ್ವಥಾ ಕೂಡದು.

ಪಂಜರವನ್ನು ಇಡುವ ಜಾಗವೂ ಅಷ್ಟೇ ಮುಖ್ಯ. ಒಂದು ಬದಿಗೆ ಗೋಡೆಯಿದ್ದರೆ ಹಕ್ಕಿಗೆ ಧೈರ್ಯ. ಸುಡುಬಿಸಿಲು, ಬೀಸುಗಾಳಿ ಬೇಡ. ಅಡುಗೆಮನೆಯಂತೂ ಬೇಡವೇ ಬೇಡ. ಅಂಟದ ಲೇಪನದ ಕಾವಲಿ ಅತಿಯಾಗಿ ಕಾದಾಗ ಹೊರಡುವ ಹೊಗೆ ಹಕ್ಕಿಯನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲದು. ರಾತ್ರಿ 10ರಿಂದ 12 ಗಂಟೆಗಳ ಕತ್ತಲೆ ಮತ್ತು ಮೌನ ಅದಕ್ಕೆ ಬೇಕು. ಟಿ.ವಿ.ಯ ಪಕ್ಕದಲ್ಲಿ ಅದು ದೊರೆಯದು.

ಎಷ್ಟೇ ದೊಡ್ಡ ಪಂಜರವಾದರೂ ಅದು ಆಕಾಶವಲ್ಲ. ದಿನಕ್ಕೊಮ್ಮೆ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಕೋಣೆಯಲ್ಲಿ ಹಾರಲು ಬಿಡಿರಿ.

ಕೊನೆಯದಾಗಿ ತಂದೆತಾಯಂದಿರಿಗೆ ಒಂದು ಮಾತು. ಚೆನ್ನಾಗಿ ನೋಡಿಕೊಂಡರೆ ಈ ಹಕ್ಕಿ 5ರಿಂದ 10 ವರ್ಷ ಬಾಳುತ್ತದೆ. ನಾಲ್ಕನೆಯ ತರಗತಿಯಲ್ಲಿ ಹಟ ಹಿಡಿದು ತಂದ ಮಗು ಕಾಲೇಜು ಸೇರಿದಾಗಲೂ ಬಟ್ಟಲಿಗೆ ದಿನವೂ ಹೊಸ ನೀರು ಬೇಕು. ಆ ನೀರು ಹಾಕುವವರು ಯಾರೆಂಬುದು ಮೊದಲು ಮನೆಯಲ್ಲಿ ನಿಶ್ಚಯವಾಗಲಿ; ಪಂಜರವನ್ನು ಆಮೇಲೆ ಕೊಳ್ಳಬಹುದು.