ಸರಿಸಮಾನರ ಹುಡುಕಾಟ

ಗೆಲುವಿನಲ್ಲಿ ಸುಖವಿದೆಯೆಂಬುದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಎಲ್ಲರನ್ನೂ ಹಿಂದಿಕ್ಕಿ, ಬರಿದಾದ ಹಾದಿಯಲ್ಲಿ ಅರ್ಧ ಗಂಟೆ ಕಾಲ ಒಬ್ಬನೇ ಕಾರೋಡಿಸಿ ಗೆದ್ದ ಪಂದ್ಯ ಒಂದೂ ನನ್ನ ನೆನಪಿನಲ್ಲಿ ಉಳಿದಿಲ್ಲ. ಉಳಿದಿರುವುದು, ಹೆಸರಿನ ಹೊರತು ಬೇರೇನೂ ತಿಳಿಯದ ಒಬ್ಬನೊಡನೆ ಹನ್ನೊಂದನೆಯ ಸ್ಥಾನಕ್ಕಾಗಿ ಹದಿನಾಲ್ಕು ಸುತ್ತು ಸೆಣಸಿ, ಕೊನೆಯ ತಿರುವಿನಲ್ಲಿ ಸೋತ ಒಂದು ರಾತ್ರಿ. ಇದೆಲ್ಲ ನಡೆದದ್ದು ಕಂಪ್ಯೂಟರಿನ ತೆರೆಯ ಮೇಲೆ ಎಂದರೆ ಕೆಲವರು ನಕ್ಕಾರು. ನಗಲಿ. ಮೇಜಿಗೆ ಬಿಗಿದ ಚಕ್ರ, ಕಾಲಡಿಯ ಪೆಡಲುಗಳು ಇವಿಷ್ಟನ್ನು ಬಿಟ್ಟರೆ ರಸ್ತೆ, ಕಾರು, ವೇಗ ಎಲ್ಲವೂ ಗಣಿತದ ಸೃಷ್ಟಿ. ಆದರೆ ಎದುರಾಳಿ ನಿಜವಾದ ಮನುಷ್ಯ. ಆಟಕ್ಕೆ ಜೀವ ಬರುವುದು ಅಲ್ಲಿಂದ.

ಅಂತಹ ಎದುರಾಳಿ ಸುಲಭವಾಗಿ ಸಿಕ್ಕುವುದಿಲ್ಲ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಭೌತವಿಜ್ಞಾನಿ ಅರ್ಪಾದ್ ಈಲೋ ಚದುರಂಗದ ಆಟಗಾರರಿಗಾಗಿ ಒಂದು ಅಂಕಪದ್ಧತಿಯನ್ನು ರೂಪಿಸಿದ. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟ ಅದನ್ನು 1970ರಲ್ಲಿ ಅಂಗೀಕರಿಸಿತು. ಬಲಶಾಲಿಯನ್ನು ಸೋಲಿಸಿದವನಿಗೆ ಹೆಚ್ಚು ಅಂಕ, ದುರ್ಬಲನನ್ನು ಸೋಲಿಸಿದವನಿಗೆ ಅಲ್ಪ. 2008ರಲ್ಲಿ ಆರಂಭವಾದ ಐರೇಸಿಂಗ್ ಇದೇ ಬಗೆಯ ಅಂಕವನ್ನು ಚಾಲಕರಿಗೂ ಕೊಡುತ್ತದೆ. ಒಂದೇ ಹೊತ್ತಿಗೆ ಹೆಸರು ಕೊಟ್ಟವರನ್ನು ಅಂಕದ ಕ್ರಮದಲ್ಲಿ ನಿಲ್ಲಿಸಿ, ಗುಂಪುಗಳಾಗಿ ಒಡೆದು, ಒಂದೊಂದು ಗುಂಪಿಗೂ ಬೇರೆ ಪಂದ್ಯ ನಡೆಸುತ್ತದೆ. ಹೆಸರು ಕೊಟ್ಟವರು ಹೆಚ್ಚಾದಷ್ಟೂ ಗುಂಪಿನೊಳಗಿನ ಅಂತರ ಕಡಿಮೆ. ಆದುದರಿಂದ ನನ್ನ ಮೊದಲ ಸಲಹೆ ಇಷ್ಟು: ಮನಸ್ಸಿಗೊಪ್ಪಿದ ಅಪರೂಪದ ಕಾರಿನ ಮೋಹವನ್ನು ಬಿಟ್ಟು, ಬಹುಜನ ಓಡಿಸುವ ಸಾಧಾರಣ ಕಾರನ್ನು ಆರಿಸಿಕೊಳ್ಳಬೇಕು, ಜನ ನೆರೆಯುವ ಹೊತ್ತಿಗೆ ಹೋಗಬೇಕು. ಯೂರೋಪಿನ ಸಂಜೆ ನಮಗೆ ನಡುರಾತ್ರಿ ಎಂಬುದು ನಮ್ಮ ಪಾಲಿನ ಕಷ್ಟ.

ಆದರೆ ಅಂಕ ಸಮವಾದ ಮಾತ್ರಕ್ಕೆ ಪಂದ್ಯ ಸಮನಾಗುವುದಿಲ್ಲ. ಗಂಟೆಗೆ 200 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಸುಮಾರು ಐದೂವರೆ ಮೀಟರ್ ಸಾಗುತ್ತದೆ. ಎಂದರೆ, ಒಂದು ಕಾರಿನ ಉದ್ದವನ್ನೂ ಮೀರಿ. ದೂರದ ಖಂಡದಿಂದ ಸುದ್ದಿ ಬರಲು ಅಷ್ಟು ಹೊತ್ತು ತಡವಾಗುವುದು ವಿಶೇಷವೇನೂ ಅಲ್ಲ. ಆ ತಡವನ್ನು ಯಂತ್ರ ಊಹೆಯಿಂದ ತುಂಬುತ್ತದೆ. ನನ್ನ ಪಕ್ಕದಲ್ಲಿ ಕಾಣುವ ಕಾರು ಅಲ್ಲಿರಬಹುದಾದ ಕಾರೇ ಹೊರತು ಅಲ್ಲಿರುವ ಕಾರಲ್ಲ. ಹೀಗಿರುವಲ್ಲಿ ಎದುರಾಳಿ ತಟಕ್ಕನೆ ದಿಕ್ಕು ಬದಲಿಸಲಾರನೆಂಬ ನಂಬಿಕೆಯ ಮೇಲೆಯೇ ಎರಡು ಕಾರುಗಳು ಜೊತೆಯಾಗಿ ತಿರುವನ್ನು ದಾಟಬೇಕು.

ಇದಕ್ಕಾಗಿಯೇ ನಡತೆಗೂ ಅಳತೆಯುಂಟು. ಐರೇಸಿಂಗ್‌ನಲ್ಲಿ ಡಿಕ್ಕಿಯಾದರೆ ತಪ್ಪು ಯಾರದೆಂದು ಯಂತ್ರ ವಿಚಾರಿಸುವುದಿಲ್ಲ. ಇಬ್ಬರ ಲೆಕ್ಕಕ್ಕೂ ತಪ್ಪಂಕ ಬೀಳುತ್ತದೆ. ಇದು ಅನ್ಯಾಯವೆಂದು ದೂರುವವರುಂಟು. ನಾನೂ ಬಹಳ ಕಾಲ ದೂರಿದ್ದೆ. ಈಗ ಅದು ವಿವೇಕವೆನಿಸುತ್ತದೆ. ಅಪರಾಧವನ್ನು ಹಂಚುವ ವ್ಯವಸ್ಥೆಯಲ್ಲಿ, ಇನ್ನೊಬ್ಬನ ಆತುರವನ್ನೂ ಮುಂಗಾಣುವುದು ಚಾಲಕನ ಕರ್ತವ್ಯವಾಗುತ್ತದೆ.

1971ರ ಇಟಲಿಯ ಗ್ರಾನ್ ಪ್ರೀಯಲ್ಲಿ ಪೀಟರ್ ಗೆಥಿನ್ ಗೆದ್ದದ್ದು ಸೆಕೆಂಡಿನ ನೂರನೆಯ ಒಂದು ಭಾಗದಿಂದ. ಮೊದಲ ಐವರ ನಡುವಣ ಅಂತರ 0.61 ಸೆಕೆಂಡು. ಮೊನ್ಜಾದ ಉದ್ದ ನೇರ ಹಾದಿಗಳಲ್ಲಿ ಮುಂದಿನವನು ಗಾಳಿಯನ್ನು ಸೀಳುತ್ತ ಹಿಂದಿನವನಿಗೆ ದಾರಿ ಸುಗಮ ಮಾಡಿಕೊಡುತ್ತಿದ್ದನು. ಯಾರೂ ಯಾರನ್ನೂ ಬಿಟ್ಟು ಓಡುವಂತಿರಲಿಲ್ಲ. ಅದನ್ನು ನಾವಿಂದು ನೆನೆಯುವುದು ಗೆದ್ದವನೊಬ್ಬನಿಂದಲ್ಲ, ಐವರಿಂದ.

ಇನ್ನೊಂದು ರೋಗವನ್ನೂ ಹೇಳಿಬಿಡುತ್ತೇನೆ. ಸಮಾನರನ್ನು ಕೂಡಿಸಲೆಂದು ಹುಟ್ಟಿದ ಅಂಕ, ಬರಬರುತ್ತ ತಾನೇ ಗುರಿಯಾಗಿ ಕುಳಿತುಕೊಳ್ಳುತ್ತದೆ. ಒಮ್ಮೆ ನನ್ನ ಅಂಕ ಎಂದೂ ಇಲ್ಲದಷ್ಟು ಏರಿತು. ಅದು ಇಳಿದೀತೆಂದು ಹೆದರಿ ಮೂರು ವಾರ ನಾನು ಪಂದ್ಯಕ್ಕೇ ಇಳಿಯಲಿಲ್ಲ. ಪರೀಕ್ಷೆಯ ಅಂಕಗಳ ನಡುವೆ ಬದುಕುವ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಈ ರೋಗವನ್ನು ವಿವರಿಸಬೇಕಾದುದಿಲ್ಲ. ತಿಜೋರಿಯಲ್ಲಿಟ್ಟ ವೀಣೆಯಂತೆ ನನ್ನ ಕೌಶಲ ಸುರಕ್ಷಿತವಾಗಿತ್ತು, ನಾದವಿರಲಿಲ್ಲ.

ಆ ಹನ್ನೊಂದನೆಯ ಸ್ಥಾನದ ರಾತ್ರಿ, ಕೊನೆಯ ತಿರುವಿನಲ್ಲಿ, ಅವನು ಒಳಬದಿಗೆ ಬಂದನು. ನಾನು ದಾರಿಯನ್ನು ಮುಚ್ಚಬಹುದಿತ್ತು. ಮುಚ್ಚಿದ್ದರೆ ಪ್ರಾಯಶಃ ಇಬ್ಬರೂ ಗೋಡೆಗೆ ಬಡಿಯುತ್ತಿದ್ದೆವು. ಜಾಗ ಬಿಟ್ಟೆ, ಸೋತೆ. ಹಿಂದಿನ ಹದಿಮೂರು ಸುತ್ತುಗಳಲ್ಲಿ ಅವನು ನನಗೆ ಎಷ್ಟು ಸಲ ಹಾಗೆಯೇ ಜಾಗ ಬಿಟ್ಟಿದ್ದನೆಂಬುದು ಅನಂತರ ನೆನಪಾಯಿತು. ಸರಿಸಮಾನನನ್ನು ಯಂತ್ರ ಹುಡುಕಿಕೊಡಬಲ್ಲದು. ಅವನ ಪಕ್ಕದಲ್ಲಿ ಒಂದು ಕಾರಿನಷ್ಟು ಜಾಗ ಬಿಡುವ ಕೆಲಸ ಮಾತ್ರ ನಮ್ಮದೇ.