ನಿಂತ ಬಂಡಿ ಬಂಡಿಯೇ?

ಹಳೆಯ ಉಗಿಯಂತ್ರಕ್ಕೆ ಬಣ್ಣ ಬಳಿದು, ಸುತ್ತ ಕಟಕಟೆ ಕಟ್ಟಿ, ಹೆಸರಿನ ಹಲಗೆಯನ್ನು ತೂಗಹಾಕಿದರೆ ಅದರ ಸಂರಕ್ಷಣೆಯು ಪೂರ್ಣವಾಯಿತೆಂಬ ಭಾವನೆಯು ವಿದ್ಯಾವಂತರಲ್ಲಿಯೂ ರೂಢವಾಗಿದೆ. ಇದು ವಿಚಾರಕ್ಕೆ ನಿಲ್ಲತಕ್ಕ ಮಾತಲ್ಲ.

ಬಳ್ಳಾರಿಯ ಸೀಮೆಗೆ ಈ ವಿಷಯವು ಪರಕೀಯವೇನೂ ಅಲ್ಲ. 1876ರಿಂದ 1878ರ ವರೆಗೆ ಈ ನೆಲವನ್ನು ಸುಟ್ಟ ಧಾತು ಸಂವತ್ಸರದ ಕ್ಷಾಮವು ಕಲಿಸಿದ ಪಾಠದಿಂದಲೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆಯು ಹುಟ್ಟಿತು. ಹೊಸಪೇಟೆ, ಗದಗ, ಹುಬ್ಬಳ್ಳಿಗಳ ಕಡೆಗೆ ಮೀಟರ್ ಗೇಜಿನ ಹಳಿಗಳು ಹರಿದುವು. ಇಂದು ಆ ಮಾರ್ಗದಲ್ಲೆಲ್ಲ ಬ್ರಾಡ್ ಗೇಜು ಬಂದಿದೆ. ಹಳೆಯದನ್ನು ಕಾಣಬೇಕಾದವರು 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೋ, 2020ರಲ್ಲಿ ತೆರೆದ ಹುಬ್ಬಳ್ಳಿಯದಕ್ಕೋ ಹೋಗಬೇಕು. ಇವುಗಳ ಸ್ಥಾಪನೆಯು ಸ್ತುತ್ಯವೇ ಸರಿ. ಆದರೆ ಚಲನೆಯೇ ಯಾವುದರ ಸ್ವರೂಪವೋ ಅದನ್ನು ನಿಲ್ಲಿಸಿಟ್ಟು ರಕ್ಷಿಸಿದೆವೆನ್ನುವುದು ಹೇಗೆ?

ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ನೋಡಬೇಕು. ವರ್ಷಕ್ಕೊಮ್ಮೆ ಎಳೆಯಬೇಕೆಂದೇ ಅಚ್ಚನ್ನು ಪರೀಕ್ಷಿಸುತ್ತಾರೆ. ಗಾಲಿಗೆ ಮರದ ತುಂಡು ಕೊಟ್ಟು ತೇರನ್ನು ತಿರುಗಿಸುವ ಕುಶಲತೆಯು ತಂದೆಯಿಂದ ಮಗನಿಗೆ ಬರುತ್ತದೆ. ಎಳೆಯದ ತೇರಿಗೆ ಗೆದ್ದಲೇ ಗತಿ. ತೇರಿಗಿಂತ ಮೊದಲು ಅಳಿಯುವುದು ಆ ವಿದ್ಯೆ.

ಓಡಿಸಿದರೆ ಯಂತ್ರವು ಸವೆಯುವುದು, ಹಳೆಯ ಭಾಗಗಳ ಬದಲು ಹೊಸವು ಸೇರುವುವು ಎಂದು ಕೆಲವರು ಆಕ್ಷೇಪಿಸುವರು. ನಿಜ. ಜಾತಿಗೊಂದೇ ಉಳಿದ ಯಂತ್ರವನ್ನು ಮುಟ್ಟದಿರಲಿ. ಹಲವು ಉಳಿದಲ್ಲಿ ಒಂದನ್ನಾದರೂ ಓಡಿಸಲಿ. 1855ರಲ್ಲಿ ನಿರ್ಮಿತವಾದ ಫೇರಿ ಕ್ವೀನ್ ಯಂತ್ರವನ್ನು ದಿಲ್ಲಿಯ ವಸ್ತುಸಂಗ್ರಹಾಲಯದಿಂದ ಹೊರತೆಗೆದು ದುರಸ್ತಿಮಾಡಿ, 1997ರಲ್ಲಿ ಆಳ್ವಾರದ ವರೆಗೆ ಓಡಿಸಲಿಲ್ಲವೇ? ಅಲ್ಲಿ ಸಾಧ್ಯವಾದುದು ಇಲ್ಲಿ ಅಸಾಧ್ಯವೇಕೆ?

ಸಿರುಗುಪ್ಪಕ್ಕೆ ಇನ್ನೂ ರೈಲೇ ಬಂದಿಲ್ಲ, ಹಳೆಯ ಬಂಡಿಗೆ ಕಲ್ಲಿದ್ದಲು ಸುಡುವುದೇ ಎಂಬುದು ಇನ್ನೊಂದು ಆಕ್ಷೇಪ. ಸಿರುಗುಪ್ಪದವರ ದುಃಖವು ನ್ಯಾಯವಾದುದು. ಆದರೆ ವಸ್ತುಸಂಗ್ರಹಾಲಯದ ಆವರಣದಲ್ಲಿ ಅರ್ಧ ಮೈಲಿ ಮೀಟರ್ ಗೇಜಿನ ಹಳಿಗೆ ತಗಲುವ ಹಣವನ್ನು ಉಳಿಸಿದ ಮಾತ್ರಕ್ಕೆ ಸಿರುಗುಪ್ಪಕ್ಕೆ ರೈಲು ಬಾರದು.

ಕಾಲವು ಮಾತ್ರ ಕಾಯದು. ಉಗಿಯಂತ್ರಗಳು ನಿತ್ಯಸೇವೆಯಿಂದ ನಿವೃತ್ತವಾದುದು 1990ರ ದಶಕದಲ್ಲಿ. ಅವನ್ನು ನಡೆಸಿದವರು ಈಗ ವೃದ್ಧರು. ಗಡಸು ನೀರಿನಿಂದ ಬಾಯ್ಲರಿನಲ್ಲಿ ಕಟ್ಟುವ ಸುಣ್ಣದ ಪದರವನ್ನು ತೆಗೆಯುವ ಬಗೆ, ಏರುದಾರಿಗೆ ಮೊದಲೇ ಬೆಂಕಿಯನ್ನು ಹದಗೊಳಿಸುವ ಬಗೆ, ಇವು ಅವರ ಕೈಯಲ್ಲಿವೆ, ಹಲಗೆಯ ಬರಹದಲ್ಲಿಲ್ಲ. ಅವರು ಇರುವಾಗಲೇ ತರುಣರನ್ನು ಅವರ ಬಳಿ ಕಲಿಯಲು ಇಟ್ಟು, ಒಂದು ಯಂತ್ರಕ್ಕಾದರೂ ಬೆಂಕಿ ಹಾಕಿಸುವುದು ಅಧಿಕಾರಿಗಳ ಕರ್ತವ್ಯ. ಅದನ್ನು ಕೇಳಿ ಪಡೆಯುವುದು ವಿದ್ಯಾವಂತರ ಕರ್ತವ್ಯ.